ರೆಡ್ ಅಲರ್ಟ್ ಬಂತು, ಇರಬೇಕೋ, ಹೊರಡಬೇಕೋ?

ಕೊಡಗಿನ ಮಾನ್ಯ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಮಳೆಗಾಲದ ಕೊಡಗಿನಲ್ಲಿ ತಮ್ಮಷ್ಟು ಜನಪ್ರಿಯರು ಇನ್ನೊಬ್ಬರಿಲ್ಲ. ಜುಲೈ ತಿಂಗಳ ರಾತ್ರಿ ಮಕ್ಕಳು ಪುಸ್ತಕ ಬದಿಗಿಟ್ಟು ಅಪ್ಪನ ಮೊಬೈಲ್ ಹಿಡಿದು ಕೂರುವುದೇ ತಮ್ಮ ಒಂದು ಸಾಲಿಗಾಗಿ: ‘ನಾಳೆ ಶಾಲೆಗಳಿಗೆ ರಜೆ’. ಆ ಸಾಲು ಸಂಪಾಜೆಯಿಂದ ಕುಟ್ಟದವರೆಗೆ ಹರಡಲು ಅರ್ಧ ಗಂಟೆಯೂ ಬೇಡ. ನೆಟ್‌ವರ್ಕ್ ಸಿಗದ ಮನೆಗೆ ಪಕ್ಕದ ತೋಟದವರೇ ಕೂಗಿ ಹೇಳುತ್ತಾರೆ. ಇಷ್ಟು ಬೇಗ ಮನೆಮನೆ ಮುಟ್ಟುವ ಮಾತಿಗೆ ಇನ್ನೆರಡು ಸಾಲು ಸೇರಿಸಿ ಎಂದು ಕೇಳಲು ಈ ಪತ್ರ.

ಹವಾಮಾನ ಇಲಾಖೆಯ ಲೆಕ್ಕದಲ್ಲಿ ಇಪ್ಪತ್ತನಾಲ್ಕು ಗಂಟೆಯಲ್ಲಿ 64.5 ಮಿಲಿಮೀಟರ್ ಸುರಿದರೆ ಭಾರಿ ಮಳೆ, 115.6 ಆದರೆ ಅತಿ ಭಾರಿ, 204.5 ಮುಟ್ಟಿದರೆ ವಿಪರೀತ. ಕಿತ್ತಳೆ ಬಣ್ಣಕ್ಕೆ ‘ಸಜ್ಜಾಗಿರಿ’, ಕೆಂಪಿಗೆ ‘ಕ್ರಮ ಕೈಗೊಳ್ಳಿ’ ಎಂದು ಇಲಾಖೆಯೇ ಅರ್ಥ ಕೊಟ್ಟಿದೆ. ಯಾವ ಕ್ರಮ ಎಂಬುದು ಮಾತ್ರ ಮನೆಯವರಿಗೆ ಬಿಟ್ಟದ್ದು. ಗಟ್ಟಿ ನೆಲದ ಮೇಲಿರುವ ಮನೆಗೆ ಕೆಂಪು ಎಂದರೆ ಒಳಗೇ ಇರುವುದು. ಬರೆಯ, ಅಂದರೆ ಕಡಿದಾಗಿ ನಿಂತ ಮಣ್ಣಿನ ಗೋಡೆಯ, ಬುಡದಲ್ಲಿರುವ ಮನೆಗೆ ಕತ್ತಲಾಗುವ ಮೊದಲೇ ಹೊರಡುವುದು. ಕರಡಿಗೋಡಿನಂಥ ಹೊಳೆದಂಡೆಯ ಊರಿನಲ್ಲಿ, ಇಲ್ಲಿ ಹನಿ ಬೀಳದಿದ್ದರೂ ಹೊಳೆಯ ಮೇಲ್ಗಡೆಯ ಭಾಗಮಂಡಲದ ಮಳೆ ಕೇಳಿಕೊಂಡು ಗಂಟು ಕಟ್ಟುವುದು. ಬಣ್ಣ ಒಂದೇ, ಮನೆಗೊಂದು ಕೆಲಸ.

ಮಳೆಗೆ ಮನೆ ಸಜ್ಜು ಮಾಡಿಕೊಳ್ಳುವುದನ್ನು ಕೊಡಗಿನವರಿಗೆ ಯಾರೂ ಕಲಿಸಬೇಕಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಯಾವ ಮನೆಯ ಹಿತ್ತಲಿಗೆ ಹೋದರೂ ಅದು ಕಾಣುತ್ತದೆ. ಸಿಲ್ವರ್ ಮರದ ಸೌದೆ ಸೀಳಿ ಕೊಟ್ಟಿಗೆಗೆ ಸೇರಿರುತ್ತದೆ. ಕಾಡುಮಾವು ಉಪ್ಪಿನಲ್ಲಿ, ಕಾಳುಮೆಣಸು ಡಬ್ಬದಲ್ಲಿ, ಕಚಂಪುಳಿ ಬಾಟಲಿಯಲ್ಲಿ. ಒಣಮೀನು, ಹಪ್ಪಳ, ಬಾಳಕದ ಮೆಣಸು ಅಟ್ಟದ ಮೇಲೆ. ಒಲೆಯ ಹೊಗೆ ತಾಗುವ ಜಾಗದಲ್ಲಿ ಹಂದಿಯ ಒಣಮಾಂಸ. ಮಳೆ ಜೋರಾಗಿರುವ ಕಕ್ಕಡ ತಿಂಗಳಲ್ಲಿ ಹದಿನೈದು ದಿನ ಸಂತೆ ಮುಖ ನೋಡದೆ ಉಣ್ಣುವ ಈ ಲೆಕ್ಕಾಚಾರ ತಲೆತಲಾಂತರದಿಂದ ಬಂದದ್ದು.

ಆದರೆ ಅದು ಇರುವವರ ಲೆಕ್ಕಾಚಾರ. ಮನೆ ನಿಂತಲ್ಲೇ ನಿಂತಿರುತ್ತದೆ, ದಾರಿ ಮಾತ್ರ ಮುಚ್ಚುತ್ತದೆ ಎಂಬ ನಂಬಿಕೆಯ ಮೇಲೆ ಆ ಅಟ್ಟ ತುಂಬುತ್ತಿತ್ತು. 2018ರ ಆಗಸ್ಟ್ ನಡುವಿನ ಆ ಕೆಲವು ದಿನ ನಂಬಿಕೆಯನ್ನೇ ತಲೆಕೆಳಗು ಮಾಡಿದವು. ಮಕ್ಕಂದೂರು, ಮುಕ್ಕೋಡ್ಲು, ಕಾಲೂರು, ಹಟ್ಟಿಹೊಳೆ, ಮೊಣ್ಣಂಗೇರಿ, ಜೋಡುಪಾಲಗಳಲ್ಲಿ ಗುಡ್ಡಗಳೇ ಜರಿದವು. ಮಡಿಕೇರಿ–ಸಂಪಾಜೆ ರಸ್ತೆ ಹಲವೆಡೆ ಕೊಚ್ಚಿಹೋಗಿ, ಮಾಮೂಲು ಸಂಚಾರಕ್ಕೆ ತಿಂಗಳುಗಟ್ಟಲೆ ಕಾಯಬೇಕಾಯಿತು. ಅಟ್ಟ ತುಂಬಿದ್ದವರೇ ಉಟ್ಟ ಬಟ್ಟೆಯಲ್ಲಿ ಪರಿಹಾರ ಕೇಂದ್ರ ಸೇರಿದರು. ಮರುವರ್ಷ ವಿರಾಜಪೇಟೆ ಕಡೆಯ ತೋರದಲ್ಲಿ ಗುಡ್ಡ ಜರಿಯಿತು. 2020ರ ಆಗಸ್ಟ್ 6ರಂದು ತಲಕಾವೇರಿಯ ಬ್ರಹ್ಮಗಿರಿ ಜರಿದು ಅರ್ಚಕರ ಮನೆಯೇ ಮಣ್ಣಿನಡಿ ಹೋಯಿತು.

ಮೂರೂ ಆಗಸ್ಟ್ ತಿಂಗಳಲ್ಲೇ ಆದದ್ದು ಸುಮ್ಮನೆ ಅಲ್ಲ. ಜೂನ್ ಹತ್ತಕ್ಕೆ ಎಂಟು ಇಂಚು ಸುರಿದರೆ ಬಾಯಾರಿದ ಮಣ್ಣು ಬಹುಪಾಲು ನುಂಗುತ್ತದೆ. ಎರಡು ತಿಂಗಳು ನೆನೆದ ಮಣ್ಣಿನ ಮೇಲೆ ಆಗಸ್ಟ್ ಹತ್ತಕ್ಕೆ ಅದೇ ಎಂಟು ಇಂಚು ಬಿದ್ದರೆ ನೀರಿಗೆ ಹೋಗಲು ಜಾಗವಿಲ್ಲ. ಮಣ್ಣಿನ ಭಾರ ಹೆಚ್ಚುತ್ತದೆ, ಕಣಕಣಗಳ ಹಿಡಿತ ಸಡಿಲುತ್ತದೆ. ಎರಡು ದಿನಕ್ಕೂ ಹವಾಮಾನ ಇಲಾಖೆ ಹಚ್ಚುವ ಬಣ್ಣ ಸಾಮಾನ್ಯವಾಗಿ ಒಂದೇ, ಏಕೆಂದರೆ ಅದು ಮುಖ್ಯವಾಗಿ ಒಂದು ದಿನದ ಮಳೆಯ ಲೆಕ್ಕ.

ಇಲ್ಲಿ ಜಿಲ್ಲೆಯ ಹಳೆಯ ಅಭ್ಯಾಸವೊಂದು ತಮ್ಮ ಕೈಗೆ ಬರಬಹುದು. ಕೊಡಗಿನ ಕಾಫಿ ಬೆಳೆಗಾರರು ಮಳೆಯನ್ನು ಇಂಚು–ಸೆಂಟಿನಲ್ಲಿ ಅಳೆದು ಪುಸ್ತಕದಲ್ಲಿ ಬರೆದಿಡುವವರು. ಕೆಲವು ಮನೆಗಳಲ್ಲಿ ಅಜ್ಜನ ಕಾಲದ ಲೆಕ್ಕವೂ ಸಿಗುತ್ತದೆ. ‘ನಿಮ್ಮಲ್ಲಿ ಎಷ್ಟಾಯಿತು?’ ಎಂದರೆ ಕೊಡಗಿನಲ್ಲಿ ಅದು ಮಳೆಯ ವಿಚಾರ, ಬೇರೆ ಅರ್ಥವಿಲ್ಲ. ಇತ್ತ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ. ‘ಇಂದು ರೆಡ್ ಅಲರ್ಟ್’ ಎನ್ನುವ ಜೊತೆಗೆ ‘ನಿಮ್ಮ ಪಂಚಾಯಿತಿಯಲ್ಲಿ ಕಳೆದ ಏಳು ದಿನಕ್ಕೆ ಇಷ್ಟು ಇಂಚು ಆಗಿದೆ, ಬರೆ ಹತ್ತಿರದ ಮನೆಯವರು ಇಂದು ರಾತ್ರಿ ಅಲ್ಲಿ ಮಲಗಬೇಡಿ’ ಎಂದರೆ ಜನ ನಂಬುತ್ತಾರೆ. ತಮ್ಮ ಪುಸ್ತಕ ತೆರೆದು ತಾಳೆ ನೋಡಿಯೇ ನಂಬುತ್ತಾರೆ, ಅದು ಬೇರೆ ಮಾತು.

ಯಾವ ಮನೆ ಅಪಾಯದ್ದು ಎಂಬುದಕ್ಕೆ ನಕ್ಷೆ ಇದೆಯಲ್ಲ ಎಂದು ಕಚೇರಿಯಲ್ಲಿ ಯಾರಾದರೂ ಹೇಳಬಹುದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಭೂಕುಸಿತ ಸಾಧ್ಯತೆಯ ನಕ್ಷೆ 1:50,000 ಪ್ರಮಾಣದ್ದು. ಅದರಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಅರ್ಧ ಕಿಲೋಮೀಟರ್. ಬೆಟ್ಟ ಕಾಣುತ್ತದೆ, ಮನೆ ಕಟ್ಟಲು, ಹೋಂಸ್ಟೇಗೆ ದಾರಿ ಮಾಡಲು ಜೆಸಿಬಿ ಕೊರೆದ ಹತ್ತಡಿ ಬರೆ ಕಾಣುವುದಿಲ್ಲ. ಅದು ಗೊತ್ತಿರುವುದು ಆ ಮನೆಯವರಿಗೆ, ಗ್ರಾಮ ಆಡಳಿತಾಧಿಕಾರಿಗೆ, ಪಂಚಾಯಿತಿ ಸದಸ್ಯರಿಗೆ. ಹಿತ್ತಲಲ್ಲಿ ಹೊಸದಾಗಿ ಜಲ ಎದ್ದಿತೇ, ತಿಳಿಯಾಗಿದ್ದ ತೊರೆ ಇದ್ದಕ್ಕಿದ್ದಂತೆ ಕೆಂಪಾಯಿತೇ ಅಥವಾ ನಿಂತೇಹೋಯಿತೇ, ಅಂಗಳದಲ್ಲಿ ಬಿರುಕು ಬಿಟ್ಟಿತೇ, ಕರೆಂಟ್ ಕಂಬ ವಾಲಿತೇ, ನಿನ್ನೆ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಇಂದು ಚೌಕಟ್ಟಿಗೆ ಕೂರುತ್ತಿಲ್ಲವೇ? ಇವನ್ನು ಮೊದಲು ಕಾಣುವವರು ಮನೆಯ ಹೆಂಗಸರು. ಕಂಡದ್ದನ್ನು ರಾತ್ರಿ ಹತ್ತಕ್ಕೆ ಯಾರಿಗೆ ಹೇಳಬೇಕು ಎಂಬುದು ಅವರಿಗೆ ಗೊತ್ತಿರಬೇಕು. 1077 ಎಂಬ ಜಿಲ್ಲಾ ಸಹಾಯವಾಣಿ ಇದೆ, ಸರಿ. ಟವರಿನ ಬ್ಯಾಟರಿ ಮುಗಿದ ಮೇಲೆ ಅದಕ್ಕೆ ಕರೆ ಹೋಗುವುದು ಹೇಗೆ? ಊರಿಗೆ ಒಂದು ಮನೆ, ಒಬ್ಬ ವ್ಯಕ್ತಿ ಎಂದು ಮೊದಲೇ ಗೊತ್ತು ಮಾಡಿದರೆ ನಡೆದುಹೋಗಿಯಾದರೂ ಹೇಳಬಹುದು.

ಇರಬಹುದಾದ ಮನೆಗಳ ಸ್ಥಿತಿಯೂ ಅಜ್ಜಿಯ ಕಾಲದಂತಿಲ್ಲ. ಸುತ್ತ ನೂರಾರು ಇಂಚು ಮಳೆ ಸುರಿದರೂ ಕರೆಂಟ್ ಹೋದ ಎರಡನೇ ದಿನಕ್ಕೆ ಮಲೆನಾಡಿನ ಮನೆಯಲ್ಲಿ ಕುಡಿಯುವ ನೀರಿಲ್ಲ. ಮೋಟಾರು ಬಂದ ಮೇಲೆ ಬಾವಿಯ ರಾಟೆ ಗುಜರಿಗೆ ಹೋಯಿತು, ಹಗ್ಗ ದನಕ್ಕಾಯಿತು. ತಲೆಗೆ ದಿನಕ್ಕೆ ಮೂರು ಲೀಟರ್ ಎಂದರೂ ಐದು ಜನರ ಮನೆಗೆ ಮೂರು ದಿನಕ್ಕೆ 45 ಲೀಟರ್ ಬೇಕು. ಮುಚ್ಚಳವಿರುವ ಎರಡು ದೊಡ್ಡ ಕ್ಯಾನ್, ಒಂದು ಕೊಡ. ಒಂದು ಹಗ್ಗ, ಒಂದು ರಾಟೆ ಮತ್ತೆ ಬಾವಿಕಟ್ಟೆಗೆ ಬಂದರೆ ಇನ್ನೂ ಒಳ್ಳೆಯದು. ಬಾವಿಗೆ ಕೆಸರುನೀರು ನುಗ್ಗಿದ್ದರೆ ಬಟ್ಟೆಯಲ್ಲಿ ಸೋಸಿ ಚೆನ್ನಾಗಿ ಕುದಿಸುವುದು ಬಿಟ್ಟು ದಾರಿಯಿಲ್ಲ. ಅದಕ್ಕೆ ಒಣಸೌದೆಯೋ ತುಂಬಿದ ಸಿಲಿಂಡರೋ ಇರಬೇಕು.

ಇನ್ವರ್ಟರ್ ಇದೆ ಎಂಬ ಧೈರ್ಯವನ್ನೂ ಅಳೆದು ನೋಡಬೇಕಾಗಿದೆ. ಮನೆಗಳಲ್ಲಿ ಸಾಮಾನ್ಯವಾಗಿರುವ 150 ಆಂಪಿಯರ್-ಅವರ್‌ನ ಒಂದು ಬ್ಯಾಟರಿ ನಾಲ್ಕು ಎಲ್‌ಇಡಿ ಬಲ್ಬನ್ನು ಕೆಲವು ರಾತ್ರಿ ಉರಿಸುತ್ತದೆ. ಅದಕ್ಕೇ 350 ವ್ಯಾಟ್ ಎಳೆಯುವ ಆಕ್ಸಿಜನ್ ಕಾನ್ಸಂಟ್ರೇಟರ್ ಜೋಡಿಸಿದರೆ ನಾಲ್ಕು ಗಂಟೆಯ ಆಸುಪಾಸಿಗೆ ಮುಗಿಯಿತು. ಉಸಿರಿಗೆ ಯಂತ್ರ ಬೇಕಾದವರು, ವಾರಕ್ಕೆರಡು ಮೂರು ಸಲ ಡಯಾಲಿಸಿಸ್‌ಗೆ ಹೋಗುವವರು, ದಿನ ತುಂಬಿದ ಬಸುರಿಯರು, ಇವರಿಗೆ ಯಾವ ಅಟ್ಟವೂ ಸಾಲದು. ಇವರು ಕಿತ್ತಳೆ ಬಣ್ಣಕ್ಕೇ ಪೇಟೆಯ ನೆಂಟರ ಮನೆಗೋ ಆಸ್ಪತ್ರೆಯ ಹತ್ತಿರಕ್ಕೋ ಹೊರಡಬೇಕು. ಬಸುರಿಯರ ಪಟ್ಟಿ, ಹೆರಿಗೆಯ ಅಂದಾಜು ದಿನಾಂಕ ಸಮೇತ, ಆಶಾ ಕಾರ್ಯಕರ್ತೆಯರ ಪುಸ್ತಕದಲ್ಲಿದೆ. ಆ ಪುಸ್ತಕ ವಿಪತ್ತಿನ ಸಭೆಯ ಮೇಜಿಗೆ ಬರಬೇಕು, ಅಷ್ಟೇ.

ಸ್ವೀಡನ್ ಸರ್ಕಾರ 2018ರಲ್ಲಿ, ಅಂದರೆ ಕೊಡಗು ಕುಸಿದ ವರ್ಷವೇ, ದೇಶದ ಸುಮಾರು 48 ಲಕ್ಷ ಮನೆಗಳಿಗೆ ಒಂದು ಪುಸ್ತಿಕೆ ಕಳಿಸಿತು. ಯುದ್ಧವಾಗಲಿ ಬಿರುಗಾಳಿಯಾಗಲಿ, ನೀರು, ಬಿಸಿ, ಊಟ, ಸುದ್ದಿ ಈ ನಾಲ್ಕನ್ನು ಮನೆಯವರು ಹೇಗೆ ಉಳಿಸಿಕೊಳ್ಳಬೇಕು ಎಂಬುದೇ ಅದರ ಸಾರ. 2024ರ ನವೆಂಬರ್‌ನಲ್ಲಿ ತಿದ್ದಿ ಮತ್ತೆ ಹಂಚಿದರು. ಕೊಡಗಿಗೆ ಪುಸ್ತಿಕೆ ಬೇಡ, ಒಂದು ಹಾಳೆ ಸಾಕು. ಆದರೆ ಇಡೀ ಜಿಲ್ಲೆಗೆ ಒಂದೇ ಹಾಳೆ ಮಾಡಿದರೆ ಅದು ಗೋಡೆಗೆ ಅಂಟಿಸಿದ ಪೋಸ್ಟರ್ ಆಗುತ್ತದೆ. ಪಂಚಾಯಿತಿಗೊಂದು ಹಾಳೆ ಬೇಕು, ಅದರ ತುದಿಯಲ್ಲಿ ಆ ಮನೆಗೆಂದೇ ಕೈಯಲ್ಲಿ ಬರೆದ ಒಂದು ಗುರುತು ಬೇಕು: ಇರಿ, ಅಥವಾ ಹೊರಡಿ. ಹೊರಡುವವರಿಗೆ ಯಾವ ದಾರಿ, ಯಾವ ಕಾಳಜಿ ಕೇಂದ್ರ, ಬೀಗದ ಕೈ ಯಾರ ಬಳಿ. ಕೈಚೀಲದಲ್ಲಿ ಪಹಣಿ, ಪಡಿತರ ಚೀಟಿ, ಹದಿನೈದು ದಿನದ ಮಾತ್ರೆ, ಟಾರ್ಚು, ಸ್ವಲ್ಪ ನಗದು. ನೆಟ್‌ವರ್ಕ್ ಇಲ್ಲದ ದಿನ ಫೋನ್‌ಪೇಯಲ್ಲಿ ಅಕ್ಕಿ ಸಿಗುವುದಿಲ್ಲ. ಮಳೆ ಹಿಡಿಯುವ ಮೊದಲೇ ಮನೆಯ ನಾಲ್ಕೂ ಗೋಡೆಯ ಫೋಟೊ ತೆಗೆದಿಡಿ ಎಂಬ ಸಾಲೂ ಇರಲಿ. ನಾಳೆ ಹಾನಿಯ ಪ್ರಮಾಣ ನೋಡಿ ಪರಿಹಾರ ಗೊತ್ತು ಮಾಡಲು ಬಂದವರಿಗೆ ತೋರಿಸಲು ಇನ್ನೇನು ಉಳಿದಿರುತ್ತದೆ?

ತೋಟದ ಕಾರ್ಮಿಕರ ಲೈನ್ ಮನೆಗಳ ಮಾತು ಬೇರೆ. ವಾರದ ಬಟವಾಡೆಯಲ್ಲಿ ವಾರದ ಸಾಮಾನು ತರುವವರಿಗೆ ಹದಿನೈದು ದಿನದ ದಿನಸಿ ಕೂಡಿಡಿ ಎನ್ನುವುದು ಬರೀ ಉಪದೇಶ. ಮಳೆಗೆ ಕೆಲಸ ನಿಂತರೆ ಸಂಬಳವೂ ನಿಲ್ಲುತ್ತದೆ. ಅಸ್ಸಾಮಿನಿಂದ ಬಂದ ಎಷ್ಟೋ ಕುಟುಂಬಗಳಿಗೆ ಕನ್ನಡದ ಎಚ್ಚರಿಕೆ ಅರ್ಥವೂ ಆಗುವುದಿಲ್ಲ. 2025ರಲ್ಲಿ ಕೇಂದ್ರ ಸರ್ಕಾರ ಜೂನ್‌ನಿಂದ ಆಗಸ್ಟ್‌ವರೆಗಿನ ಪಡಿತರವನ್ನು ಮಳೆಗೆ ಮೊದಲೇ ಹಂಚಲು ರಾಜ್ಯಗಳಿಗೆ ಹೇಳಿತ್ತು. ದಾರಿ ಮುಚ್ಚುವ ಊರುಗಳಿಗಾದರೂ ಪ್ರತಿವರ್ಷ ಆ ಏರ್ಪಾಡು ಆಗಲಿ. ತೋಟದ ಮಾಲೀಕರನ್ನು ಕರೆದು, ಲೈನ್ ಮನೆ ಬರೆಯ ಕೆಳಗಿದ್ದರೆ ಕಾಫಿ ಗೋದಾಮಿನಲ್ಲಿ ಮಲಗಲು ಜಾಗ ಕೊಡಿ ಎಂದು ತಾವೇ ಹೇಳಬೇಕು. ತಮ್ಮ ಮಾತನ್ನು ತೆಗೆದುಹಾಕುವ ಮಾಲೀಕರು ಕಡಿಮೆ.

ದನದ ವಿಷಯವನ್ನೂ ಮರೆಯುವಂತಿಲ್ಲ. ನೋಟಿಸ್ ಕೊಟ್ಟರೂ ಜನ ಮನೆ ಬಿಡುವುದಿಲ್ಲ ಎಂಬ ದೂರು ಅಧಿಕಾರಿಗಳಿಂದ ಪ್ರತಿ ಮಳೆಗಾಲದಲ್ಲಿ ಕೇಳಿಬರುತ್ತದೆ. ಕೊಟ್ಟಿಗೆಯಲ್ಲಿ ಕರೆಯುವ ಹಸು, ಅಂಗಳದಲ್ಲಿ ನಾಯಿ ಬಿಟ್ಟು ಯಾರು ಬರುತ್ತಾರೆ? ಕಾಳಜಿ ಕೇಂದ್ರದ ಹಿಂದೆ ನಾಲ್ಕು ಗೂಟ, ಒಂದು ಟಾರ್ಪಾಲು, ಒಂದು ಹೊರೆ ಹುಲ್ಲು ಇದೆ ಎಂದು ಹಾಳೆಯಲ್ಲಿ ಬರೆದರೆ ಅರ್ಧ ಜನ ವಾದವಿಲ್ಲದೆ ಹೊರಡುತ್ತಾರೆ.

ವಿಪತ್ತು ನಿರ್ವಹಣಾ ಕಾಯ್ದೆ, 2005ರ ಪ್ರಕಾರ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು ತಾವು. ಜನರಿಗೆ ತಿಳಿವಳಿಕೆ, ತರಬೇತಿ ಕೊಡಿಸುವುದು ಆ ಪ್ರಾಧಿಕಾರದ ಕೆಲಸಗಳಲ್ಲೇ ಸೇರಿದೆ, ಹಾಗಾಗಿ ಇದಕ್ಕೆ ಹೊಸ ಆದೇಶ ಬೇಕಿಲ್ಲ. ಹಾಳೆ ಮಾತ್ರ ಮೇ ಹದಿನೈದರೊಳಗೆ ಮನೆ ಸೇರಲಿ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಬಂದ ಸರ್ಕಾರಿ ಕಾಗದ ಒದ್ದೆಯಾಗಿರುತ್ತದೆ, ಒಲೆ ಹೊತ್ತಿಸಲಿಕ್ಕೂ ಆಗುವುದಿಲ್ಲ.

ಇಂತಿ,
ಬರೆಯ ಬುಡದ ಮನೆಗಳ ಪರವಾಗಿ