ರೆಗ್ಯುಲೇಟರ್ ಮುಚ್ಚುವುದೂ ಅಮಾನತ್

ಕೊಲ್ಲಿ ರಾಷ್ಟ್ರಗಳ ಬ್ಯಾಚುಲರ್ ಕೋಣೆಗಳಲ್ಲಿ ನಮ್ಮ ಕರಾವಳಿಯ ಯುವಕರು ಸರದಿಯಂತೆ ಅಡುಗೆ ಮಾಡುತ್ತಾರೆ. ಸಾರಿಗೆ ಖಾರ ಹೆಚ್ಚಾಯಿತು, ಪಾತ್ರೆ ತೊಳೆಯಲಿಲ್ಲ ಎಂಬ ಜಗಳಗಳು ಸಹನೆಯಿಂದ ಮುಗಿಯಬಲ್ಲವು. ಆದರೆ ಒಲೆಯ ಮೇಲೆ ಎಣ್ಣೆಯಿಟ್ಟು ಫೋನಿನಲ್ಲಿ ಮಗ್ನನಾಗುವವನ ಮುಂದೆ ಮೌನವಾಗಿರುವುದು ಸಹನೆಯಲ್ಲ. ಸಿಲಿಂಡರಿನ ಅನಿಲ ಗಾಳಿಗಿಂತ ಭಾರ; ಸೋರಿದರೆ ನೆಲಮಟ್ಟದಲ್ಲಿ ತುಂಬಿಕೊಳ್ಳುತ್ತದೆ. ಒಬ್ಬನ ಅಲಕ್ಷ್ಯಕ್ಕೆ ಮಲಗಿರುವವರೆಲ್ಲರೂ ಬಲಿಯಾಗಬಹುದು.

ಮದೀನಾದಲ್ಲಿ ರಾತ್ರಿ ಮನೆಯೊಂದು ಸುಟ್ಟುಹೋದಾಗ ಪ್ರವಾದಿ(ಸ)ರು ಬೆಂಕಿಯನ್ನು ಶತ್ರುವೆಂದು ಕರೆದು, ಮಲಗುವ ಮುನ್ನ ಅದನ್ನು ನಂದಿಸುವಂತೆ ಆದೇಶಿಸಿದರು. ಹಾಗಿರುವಾಗ, ಎಚ್ಚರಿಸುವ ಸಂಗಾತಿಯನ್ನು ಹೀಗಳೆಯುವುದು ತರವಲ್ಲ. ಸಹವಾಸಿಗಳ ಜೀವ ನಮ್ಮ ಕೈಯಲ್ಲಿರುವ ಅಮಾನತ್. ಕೊನೆಯಲ್ಲಿ ಒಲೆ ಬಳಸಿದವನೇ ರೆಗ್ಯುಲೇಟರ್ ಮುಚ್ಚಬೇಕೆಂಬುದು ಪ್ರತಿ ಕೋಣೆಯ ನಿಯಮವಾಗಲಿ. ದೂರದ ಮಗನೊಡನೆ 'ಊಟವಾಯಿತೇ?' ಎಂದು ವಿಚಾರಿಸುವ ತಾಯಿ, 'ಗ್ಯಾಸ್ ಮುಚ್ಚಿದೆಯಾ?' ಎಂದೂ ಕೇಳಲಿ.