ಗುಡ್ಡ ಹಸಿರಾಗಿದೆ ಅಂತ ಮೋಸ ಹೋಗಬೇಡಿ: ಕುಳ್ಳ ಈಚಲನ್ನ ಎಣಿಸಿ ನೋಡಿ

ತಿಪಟೂರು, ತುರುವೇಕೆರೆ ಕಡೆ ತೆಂಗಿನ ಬಗ್ಗೆ ಮಾತಾಡೋರಿಗೆ ಬರ ಇಲ್ಲ. ಅದೇ ಕುಟುಂಬಕ್ಕೆ ಸೇರಿದ ಈಚಲನ್ನ ಮಾತ್ರ ಯಾರೂ ಕೇಳಲ್ಲ. ಹಳ್ಳದ ದಂಡೆಯ ಎತ್ತರದ ಈಚಲು ಎಲ್ಲರಿಗೂ ಗೊತ್ತು. ನಾನು ಹೇಳ್ತಿರೋದು ಗುಡ್ಡದ ಇಳಿಜಾರಲ್ಲಿ ಕಲ್ಲು ಮಣ್ಣು ಹಿಡಿದು ಕೂತಿರೋ ಕುಳ್ಳ ಈಚಲಿನ ಬಗ್ಗೆ.

ಚಿಕ್ಕನಾಯಕನಹಳ್ಳಿ ಗುಡ್ಡಸಾಲಿನ ವಿಷಯ ಬಂದರೆ ಎಲ್ಲರೂ ಗಣಿ ಅಂತಾರೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜತೆಗೆ ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಕಬ್ಬಿಣದ ಅದಿರಿನ ಗಣಿಗಳನ್ನೂ ನಿಲ್ಲಿಸಿತು. ಆದರೆ ಗಣಿ ಇಲ್ಲದ ಗುಡ್ಡವೂ ಸದ್ದಿಲ್ಲದೆ ಹಾಳಾಗುತ್ತೆ. ಬೆಂಕಿ, ಮೇವು, ಪೊರಕೆಗೆ ಗರಿ ಕೊಯ್ಲು, ಈ ಮೂರೂ ಒಂದೇ ಜಾಗಕ್ಕೆ ವರ್ಷವರ್ಷ ಬಿದ್ದರೆ ಸಾಕು.

ಕುಳ್ಳ ಈಚಲಿನ ಸುಳಿ ಗರಿಬುಡಗಳ ಮಧ್ಯೆ ಬೆಚ್ಚಗಿರುತ್ತೆ. ಹಾಗಾಗಿ ಬೆಂಕಿ ಬಿದ್ದರೂ ಮಳೆಗೆ ಮತ್ತೆ ಚಿಗುರುತ್ತೆ. ನಾವು "ಗುಡ್ಡಕ್ಕೆ ಏನೂ ಆಗಿಲ್ಲ" ಅಂದ್ಕೋತೀವಿ. ಸುಟ್ಟು ಹೋಗೋದು ಬೀಜದಿಂದ ಬಂದ ಎಳೆ ಸಸಿ. ಹಳೇ ಮರಗಳೇ ತುಂಬಿರೋ, ಒಂದೂ ಹೊಸ ಸಸಿ ಇಲ್ಲದ ತೆಂಗಿನ ತೋಟಕ್ಕೆ ಎಷ್ಟು ದಿನ ಭವಿಷ್ಯ? ಗುಡ್ಡದ ಲೆಕ್ಕವೂ ಅಷ್ಟೇ.

ಅದಕ್ಕೇ ನನ್ನ ಮಾತು: ಗಿಡ ನೆಡೋ ಮೊದಲು ಇರೋದನ್ನ ಎಣಿಸಿ. 10 ಮೀಟರ್ ಉದ್ದ, 10 ಮೀಟರ್ ಅಗಲದ ಜಾಗ ಗುರುತಿಸಿ. ಗುಡ್ಡದ ಬುಡ, ನಡು, ತಲೆ, ಮೂರೂ ಕಡೆ ಮಾಡಿ. ನಾಲ್ಕು ಲೆಕ್ಕ ಬರ್ಕೊಳ್ಳಿ:

- ಬಲಿತ ಬುಡ ಎಷ್ಟು?
- ಬೀಜದ ಸಸಿ ಎಷ್ಟು? ಬುಡಕ್ಕೆ ಅಂಟಿರೋದು ಕಂದು, ಬೇರೆಯಾಗಿ ಹುಲ್ಲಿನ ಎಸಳಿನಂಗೆ ಎದ್ದಿರೋದು ಸಸಿ.
- ಸುಳಿ ಸಮೇತ ಕೊಯ್ದಿರೋದು, ಸುಟ್ಟಿರೋದು, ಮೇಯ್ದಿರೋದು ಎಷ್ಟು?
- ಬುಡದ ಮಣ್ಣು ಕೊಚ್ಚಿ ಬೇರು ಕಾಣ್ತಿರೋದು ಎಷ್ಟು?

ಈಚಲಲ್ಲಿ ಗಂಡು, ಹೆಣ್ಣು ಬೇರೆ ಬೇರೆ. ಹಣ್ಣಿಲ್ಲ ಅಂದ ಮಾತ್ರಕ್ಕೆ ಗಿಡ ಕೆಟ್ಟಿದೆ ಅಂತಲ್ಲ. ಮೊಬೈಲಲ್ಲಿ ಲೊಕೇಶನ್ ಆನ್ ಮಾಡಿ ಫೋಟೋ ತೆಗೀರಿ. ಮುಂದಿನ ವರ್ಷ ಅದೇ ತಿಂಗಳು, ಅದೇ ಕಲ್ಲಿನ ಹತ್ರ ನಿಂತು ಮತ್ತೆ ತೆಗೀರಿ. ಬುಡ ಇದ್ದು ಸಸಿ ಇಲ್ಲದಿದ್ದರೆ ಗುಡ್ಡ ಮುದಿಯಾಗ್ತಿದೆ ಅಂತ ಅರ್ಥ.

"ಈಚಲಿದ್ರೆ ತೆಂಗಿಗೆ ಹುಳ ಬರುತ್ತೆ, ಸುಟ್ಟಾಕಿ" ಅನ್ನೋರಿದ್ದಾರೆ. ಕೆಂಪು ಮೂತಿ ಹುಳು ಈಚಲಿಗೂ ಬೀಳುತ್ತೆ, ಸುಳ್ಳಲ್ಲ. ಆದರೆ ರೈನೋಸರಸ್ ದುಂಬಿ ಮರಿ ಮಾಡೋದು ನಮ್ಮ ತಿಪ್ಪೆಯಲ್ಲಿ, ತೋಟದಲ್ಲಿ ಕೊಳೀತಿರೋ ತೆಂಗಿನ ದಿಮ್ಮಿಯಲ್ಲಿ. ಅದನ್ನ ಬಿಟ್ಟು ಗುಡ್ಡಕ್ಕೆ ಕಡ್ಡಿ ಗೀರೋದು ಯಾವ ನ್ಯಾಯ?

ಇಳಿಜಾರಿನ ಹಿಡಿತ ಸಡಿಲವಾದರೆ ಮಣ್ಣು ಬಂದು ಕೂರೋದು ನಮ್ಮ ಕೆರೆಯಲ್ಲೇ. ಕೆರೆ ತುಂಬದಿದ್ದರೆ ಬೋರಿಗೆ ನೀರು ಎಲ್ಲಿಂದ? ಈ ಸಲ ಗುಡ್ಡದಲ್ಲಿ ಬೆಂಕಿ ಕಂಡ್ರೆ ವಿಡಿಯೋ ಮಾಡ್ತಾ ನಿಲ್ಲಬೇಡಿ, ಮೊದಲು ಅರಣ್ಯ ಇಲಾಖೆಗೆ ಫೋನ್ ಮಾಡಿ.