ತಲೆಗೆ ಸ್ಟೆಮ್ ಸೆಲ್, ಮನೆಗೆ ಇಎಂಐ

(1/3)
ಹೋದ ಸಲ ಮೊಬೈಲ್ ಇಎಂಐ ಬಗ್ಗೆ ಬರೆದಿದ್ದೆ. ಇವತ್ತು ಕೂದಲಿನ ಇಎಂಐ. ನಗಬೇಡಿ, ನಿಜವಾಗ್ಲೂ ಇದೆ.

ನಮ್ಮ ದೊಡ್ಡಪ್ಪನ ಮಗ. ಊರು ಪಾವಗಡ ಕಡೆ, ಕೆಲಸ ಪೀಣ್ಯದಲ್ಲಿ, ವಯಸ್ಸು 27. ಎರಡು ಕಡೆ ಹೆಣ್ಣು ನೋಡಿ ಬಂದ್ಮೇಲೆ "ಹುಡುಗ ವಯಸ್ಸಾದೋನ ಥರ ಕಾಣ್ತಾನೆ" ಅನ್ನೋ ಮಾತು ವಾಪಸ್ ಬಂತು. ಅದೇ ವಾರ ಅವನ ಫೋನಿಗೆ ಒಂದು ರೀಲ್: ಸ್ಟೆಮ್ ಸೆಲ್ ಥೆರಪಿ, ಆಪರೇಷನ್ ಇಲ್ಲ, ನೋವಿಲ್ಲ, ಆರು ಸಿಟ್ಟಿಂಗ್ ಸಾಕು. ಬೆಂಗಳೂರಿನ ಒಂದು ಕ್ಲಿನಿಕ್. 72 ಸಾವಿರ, ತಿಂಗಳಿಗೆ 6 ಸಾವಿರದಂತೆ 12 ಕಂತು. ಮೊದಲನೇ ಕಂತು ಹೋಗಿದ್ದು ಮನೇಲಿ ಕಡ್ಲೆಕಾಯಿ ಮಾರಿದ್ದ ದುಡ್ಡಲ್ಲಿ.

ತಿಂಗಳಿಗೊಂದರಂತೆ ಐದು ಸಿಟ್ಟಿಂಗ್ ಆಯ್ತು. ಏನೂ ಬದಲಾಗಿಲ್ಲ ಅಂತ ಕೇಳಿದ್ದಕ್ಕೆ "ನಿಮ್ಮ ಬಾಡಿ ರೆಸ್ಪಾಂಡ್ ಮಾಡ್ತಿಲ್ಲ ಸರ್, ಅಡ್ವಾನ್ಸ್ ಪ್ಯಾಕೇಜ್ ತಗೊಳ್ಳಿ" ಅಂದ್ರಂತೆ. ಬಿಲ್ ತೋರಿಸು ಅಂದೆ. ಬಿಕಾಂ ಓದಿ ಅಷ್ಟಾದ್ರೂ ಮಾಡ್ಬೇಡ್ವಾ? ಬಿಲ್ಲಲ್ಲಿ ಸ್ಟೆಮ್ ಸೆಲ್ ಅನ್ನೋ ಪದವೇ ಇಲ್ಲ. "ಪಿಆರ್‌ಪಿ" ಅಂತಿದೆ. ಮುಂದಿನದು ಸೆಕೆಂಡ್ ಪೋಸ್ಟಲ್ಲಿ.

(2/3)
ಪಿಆರ್‌ಪಿ ಅಂದ್ರೆ ನಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ಗಿರಗಿರ ತಿರುಗಿಸಿ, ಪ್ಲೇಟ್‌ಲೆಟ್ ಜಾಸ್ತಿ ಇರೋ ಭಾಗವನ್ನ ತಲೆಗೆ ಚುಚ್ಚೋದು. ಕೆಲವರಿಗೆ ಸ್ವಲ್ಪ ಉಪಯೋಗ ಆಗುತ್ತೆ, ಕೆಲವರಿಗೆ ಇಲ್ಲ. ಆದ್ರೆ ಅದು ಸ್ಟೆಮ್ ಸೆಲ್ ಚಿಕಿತ್ಸೆ ಅಲ್ಲ. ಹೆಸರು ಒಂದು, ಮಾಲು ಇನ್ನೊಂದು.

ಸರಿ, ನಿಜವಾದ ಸ್ಟೆಮ್ ಸೆಲ್ಲನ್ನೇ ಕೊಟ್ಟಿದ್ರೆ? ಐಸಿಎಂಆರ್ 2017ರ ಮಾರ್ಗಸೂಚಿಯಲ್ಲಿ ನೇರವಾಗಿ ಹೇಳಿದೆ: ಒಪ್ಪಿಗೆ ಪಡೆದ ಕ್ಲಿನಿಕಲ್ ಟ್ರಯಲ್ ಹೊರಗೆ ರೋಗಿಗೆ ಸ್ಟೆಮ್ ಸೆಲ್ ಕೊಡೋದು ಅನೈತಿಕ, ಅದನ್ನ ದುರ್ನಡತೆ ಅಂತಲೇ ಪರಿಗಣಿಸಬೇಕು. ಮಾಮೂಲಿ ಚಿಕಿತ್ಸೆಯಾಗಿ ಒಪ್ಪಿರೋದು ರಕ್ತದ ಕಾಯಿಲೆಗಳಿಗೆ ಮಾಡೋ ಅಸ್ಥಿಮಜ್ಜೆ ಕಸಿಯಂಥದ್ದು. ಆ ಪಟ್ಟಿಯಲ್ಲಿ ಕೂದಲು ಇಲ್ಲ. ಇನ್ನೂ ಹಳೇದು ಬೇಕಾ? 1945ರ ಔಷಧ ನಿಯಮಗಳ ಜೆ ಷೆಡ್ಯೂಲಲ್ಲಿ, ಯಾವ ಔಷಧವೂ ವಾಸಿ ಮಾಡ್ತೀನಿ ಅಂತ ಹೇಳ್ಕೋಬಾರದ ತೊಂದರೆಗಳ ಪಟ್ಟಿ ಇದೆ. ಬೋಳುತಲೆ ಅದರಲ್ಲಿದೆ.

ನನಗೆ ತುಂಬಾ ಹಿಡಿಸಿದ ವಿಷಯ ಬೇರೆ. 2011ರಲ್ಲಿ ಅಮೆರಿಕದ ವಿಜ್ಞಾನಿಗಳು ಒಬ್ಬನದೇ ತಲೆಯ ಬೋಳು ಜಾಗವನ್ನೂ ಕೂದಲಿರೋ ಜಾಗವನ್ನೂ ಹೋಲಿಸಿ ನೋಡಿದ್ರು. ಬೋಳು ಜಾಗದಲ್ಲೂ ಸ್ಟೆಮ್ ಸೆಲ್ ಇದ್ವು! ಕಮ್ಮಿಯಾಗಿದ್ದು ಅವುಗಳಿಂದ ಮುಂದೆ ಹುಟ್ಟಬೇಕಾದ ಕೋಶಗಳು. ಅಂದ್ರೆ ಹೊಲದಲ್ಲಿ ಬೀಜ ಇದೆ, ಮೊಳಕೆ ಬರ್ತಿಲ್ಲ. ಯಾಕೆ ಬರ್ತಿಲ್ಲ ಅಂತ ನೋಡದೆ ಇನ್ನೊಂದು ಮೂಟೆ ಬೀಜ ಮಾರೋಕೆ ಬಂದೋನಿಗೆ ನಮ್ಮಪ್ಪ ಆಗಿದ್ರೆ ಏನಂತಿದ್ರೋ ಇಲ್ಲಿ ಬರೆಯೋಕಾಗಲ್ಲ. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿ ಇನ್‌ಸ್ಟೆಮ್ ಅಂತ ಕೇಂದ್ರ ಸರ್ಕಾರದ ಸಂಸ್ಥೆ ಸ್ಟೆಮ್ ಸೆಲ್ ಮೇಲೆ ಸಂಶೋಧನೆ ಮಾಡುತ್ತೆ. ಈ ವಿಜ್ಞಾನ ಸುಳ್ಳಲ್ಲ. ಕಂತಲ್ಲಿ ಸಿಗೋವಷ್ಟು ಇನ್ನೂ ಹಣ್ಣಾಗಿಲ್ಲ, ಅಷ್ಟೆ.

(3/3)
"ಎಲ್ಲಾ ಬೋರ್‌ವೆಲ್ ನೀರಿಂದ" ಅಂತ ಪಾವಗಡದೋರು ಕಾಮೆಂಟ್ ಹಾಕೋ ಮುಂಚೆ ಹೇಳ್ಬಿಡ್ತೀನಿ. ಅಲ್ಲಿನ ಫ್ಲೋರೈಡ್ ಸಮಸ್ಯೆ ನಿಜ, ಅದು ಹಲ್ಲಿಗೂ ಮೂಳೆಗೂ ಹೊಡೆಯುತ್ತೆ. ಆದ್ರೆ ಹಣೆಯ ಎರಡೂ ಬದಿ, ನೆತ್ತಿ ಮೇಲೆ ಮಾತ್ರ ಖಾಲಿ ಆಗ್ತಾ ಹೋಗೋದು ವಂಶದಿಂದ ಮತ್ತು ಡಿಎಚ್‌ಟಿ ಅನ್ನೋ ಹಾರ್ಮೋನಿಂದ. ನೀರೇ ಕಾರಣ ಆಗಿದ್ರೆ ಹಿಂದಲೆ ಯಾಕೆ ತುಂಬಿರುತ್ತೆ?

ಇನ್ನೊಂದು ಥರ ಇದೆ. ಶಿರಾದ ನಮ್ಮ ಫ್ರೆಂಡ್ ಒಬ್ಬಳಿಗೆ ಡೆಂಗಿ ಆಗಿ ಎರಡು ಮೂರು ತಿಂಗಳಿಗೆ ಬಾಚಣಿಗೆ ತುಂಬಾ ಕೂದಲು. ಅಳ್ತಾ ಇದ್ಳು. ಜೋರು ಜ್ವರ, ಹೆರಿಗೆ ಆದ್ಮೇಲೆ ಹಿಂಗೆ ಉದುರೋದುಂಟು, ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತಾನಾಗೇ ವಾಪಸ್ ಬರುತ್ತೆ. ಅವಳಿಗೂ ಬಂತು. ಆ ಹೊತ್ತಲ್ಲಿ ಪ್ಯಾಕೇಜ್ ತಗೊಂಡಿದ್ರೆ ಲಾಭ ಯಾರ ಖಾತೆಗೆ ಜಮಾ ಆಗ್ತಿತ್ತು ಹೇಳಿ. "ಬಿಫೋರ್, ಆಫ್ಟರ್" ಫೋಟೋ ನೋಡುವಾಗೆಲ್ಲ ನನಗೆ ಇದೇ ಅನುಮಾನ.

ಹಾಗಾದ್ರೆ ಏನೂ ಇಲ್ವಾ? ಇದೆ. ಮಿನಾಕ್ಸಿಡಿಲ್ ಮೊದಲು ಬಿಪಿ ಮಾತ್ರೆ ಆಗಿತ್ತು, ರೋಗಿಗಳಿಗೆ ಮೈಮೇಲೆ ಕೂದಲು ಬಂದಾಗ ಗೊತ್ತಾಗಿದ್ದು. ತಲೆಗೆ ಹಚ್ಚೋಕೆ ಅಮೆರಿಕ 1988ರಲ್ಲಿ ಒಪ್ಪಿತು. ಗಂಡಸರಿಗೆ ಫಿನಾಸ್ಟರೈಡ್ 1997ರಲ್ಲಿ. ಎರಡೂ ಮ್ಯಾಜಿಕ್ ಅಲ್ಲ: ನಿಲ್ಲಿಸಿದ್ರೆ ಮತ್ತೆ ಉದುರುತ್ತೆ, ಸೈಡ್ ಎಫೆಕ್ಟ್ ಇದೆ, ಚರ್ಮರೋಗದ ಡಾಕ್ಟರ್ ಕೇಳದೆ ಮೆಡಿಕಲ್ ಶಾಪಲ್ಲಿ ತಗೋಬೇಡಿ. ಆದ್ರೆ ತಿಂಗಳ ಖರ್ಚು ಅಣ್ಣನ ಒಂದು ಕಂತಿಗಿಂತ ಎಷ್ಟೋ ಕಮ್ಮಿ.

ಈಗ ಬೈಸಿಕೊಳ್ಳೋ ಮಾತು. ಕೊರಟಗೆರೆಯಿಂದ ಬಸ್ಸಲ್ಲಿ ಬರೋ ನಮ್ಮ ಕ್ಲಾಸಿನ ಒಬ್ಬ ಏಪ್ರಿಲ್ ಬಿಸಿಲಲ್ಲೂ, ಅದೂ ಮಧುಗಿರಿ ಬಿಸಿಲಲ್ಲಿ, ಕ್ಯಾಪ್ ತೆಗೆಯಲ್ಲ. ಗ್ರೂಪಲ್ಲಿ ಅವನ ಫೋಟೋಗೆ "ಬಾಂಡ್ಲಿ" ಅಂತ ಸ್ಟಿಕ್ಕರ್ ಮಾಡಿದ್ದು ನಾವೇ. ನಾನೂ ಫಾರ್ವರ್ಡ್ ಮಾಡಿದ್ದೆ. 2017ರ "ಒಂದು ಮೊಟ್ಟೆಯ ಕಥೆ"ಯಲ್ಲಿ ಬೋಳುತಲೆ ಮೇಷ್ಟ್ರಿಗೆ ಅಯ್ಯೋ ಪಾಪ ಅಂದಿದ್ದೂ ನಾವೇ. ಆ ಕ್ಲಿನಿಕ್ ಜಾಹೀರಾತಿಗೆ ಎಷ್ಟು ಖರ್ಚು ಮಾಡುತ್ತೋ, ಅದರಲ್ಲಿ ಅರ್ಧ ಕೆಲಸ ನಾವು ಪುಕ್ಕಟೆ ಮಾಡಿಕೊಡ್ತಿದೀವಿ. ಸ್ಟಿಕ್ಕರ್ ಡಿಲೀಟ್ ಮಾಡಿದೀನಿ, ಅವನಿಗೆ ಸಾರಿನೂ ಕೇಳಿದೆ. "ಬಿಡೋ" ಅಂದ. ಕ್ಯಾಪ್ ಮಾತ್ರ ತೆಗೀಲಿಲ್ಲ.

ನಿಮ್ಮನೇಲಿ ಯಾರಾದ್ರೂ ಅಡ್ವಾನ್ಸ್ ಕಟ್ಟೋಕೆ ಹೊರಟಿದ್ರೆ, "ಬಿಲ್ಲಲ್ಲಿ ಏನಂತ ಬರೀತೀರಾ?" ಅಂತ ಮೊದಲೇ ಕೇಳಿಸಿ. ನಮ್ಮಣ್ಣ ಕೇಳಿರಲಿಲ್ಲ. ಅವನಿಗೆ ಇನ್ನೂ ಏಳು ಕಂತು ಬಾಕಿ.